ಗಂಟುಮೂಟೆಯ ಧರ್ಮ

ಊರಿಗೆ ಹೊರಡುವ ಹಿಂದಿನ ರಾತ್ರಿ ಮನೆಯಲ್ಲಿ ನಡೆಯುವ ಸನ್ನಾಹವನ್ನು ನೋಡಿದರೆ ಆ ಮನೆಯವರ ಮನಸ್ಸು ಚೆನ್ನಾಗಿ ತಿಳಿಯುವುದು. ಪೆಟ್ಟಿಗೆಯೊಳಕ್ಕೆ ಮೊದಲು ಹೋಗುವುವು ಬೇಕಾದ ವಸ್ತುಗಳು. ಆಮೇಲೆ ಹೋಗುವುವೆಲ್ಲ ‘ಒಂದು ವೇಳೆ’ಗಳು. ಒಂದು ವೇಳೆ ಮಳೆ ಬಂದರೆ, ಒಂದು ವೇಳೆ ಚಳಿ ಹೆಚ್ಚಿದರೆ, ಒಂದು ವೇಳೆ ದೊಡ್ಡವರ ಮನೆಗೆ ಹೋಗಬೇಕಾಗಿ ಬಂದರೆ! ಹೀಗೆ ಮೂರು ದಿನಗಳ ಪ್ರಯಾಣಕ್ಕೆ ಒಂಬತ್ತು ದಿನಗಳ ಬಟ್ಟೆ ಸೇರುವುದು. ಇದು ಬರಿಯ ಅನುಕೂಲದ ಮಾತೆಂದು ತಳ್ಳಿಬಿಡುವುದು ವಾಡಿಕೆ. ಆದರೆ ಮನುಷ್ಯನು ಎಷ್ಟನ್ನು ಹೊರಬೇಕು, ಅವನು ಹೊರದೆ ಬಿಟ್ಟುದರ ಭಾರ ಯಾರ ಮೇಲೆ ಬೀಳುವುದು ಎಂದು ಕೇಳಿದೊಡನೆಯೇ ಅದು ಧರ್ಮದ ಪ್ರಶ್ನೆಯಾಗುವುದು.

ಹೊರೆಯನ್ನು ಕನಿಷ್ಠಕ್ಕಿಳಿಸಿದವರ ನಿದರ್ಶನವನ್ನು ಕನ್ನಡನಾಡಿನಲ್ಲಿ ದೂರ ಹುಡುಕಬೇಕಾಗಿಲ್ಲ. 2018ರಲ್ಲಿ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ ದಿಗಂಬರ ಮುನಿಗಳು ಬಹುದೂರದಿಂದ ಕಾಲ್ನಡೆಯಲ್ಲಿಯೇ ಬಂದರು. ನವಿಲುಗರಿಯ ಪಿಂಛಿ, ನೀರಿನ ಕಮಂಡಲು, ಓದುವ ಶಾಸ್ತ್ರಗ್ರಂಥ. ಅವರ ಉಪಕರಣಗಳು ಇಷ್ಟೇ. ಊಟಕ್ಕೆ ಪಾತ್ರೆಯೂ ಇಲ್ಲ. ದಿನಕ್ಕೊಮ್ಮೆ ನಿಂತು ಅಂಗೈಯಲ್ಲಿಯೇ ಆಹಾರ. ಇದನ್ನು ಕಂಡ ಗೃಹಸ್ಥನಿಗೆ ತನ್ನ ಪೆಟ್ಟಿಗೆಯನ್ನು ನೋಡಿ ನಾಚಿಕೆಯಾಗುವುದು ಸಹಜ. ಆದರೂ ಒಂದು ಸಂಗತಿಯನ್ನು ಮರೆಯತಕ್ಕದ್ದಲ್ಲ. ಮುನಿಗಳ ಹಗುರತನಕ್ಕೆ ಶ್ರಾವಕರ ಅಡಿಗೆಮನೆಯ ಆಧಾರವುಂಟು. ಆ ಆಧಾರವು ಗುಟ್ಟಾದುದಲ್ಲ. ಇಬ್ಬರೂ ಅರಿತು ಒಪ್ಪಿಕೊಂಡ ವ್ರತದ ವ್ಯವಸ್ಥೆ. ಮುನಿಯು ಭಾರದೊಡನೆ ಸುಖವನ್ನೂ ಬಿಟ್ಟವನು. ಸುಖವನ್ನು ಇಟ್ಟುಕೊಂಡು ಭಾರವನ್ನು ಮಾತ್ರ ಕಳಚುವ ಗೃಹಸ್ಥನಿಗೆ ಆ ಹೋಲಿಕೆಯು ಸಲ್ಲದು.

ಅಂತಹ ಗೃಹಸ್ಥರು ಇಲ್ಲದಿಲ್ಲ. ಸಂಸಾರಸಮೇತನಾಗಿ ಹೊರಟ ಯಜಮಾನನು ರೈಲು ನಿಲ್ದಾಣದಲ್ಲಿ ಕೈಬೀಸಿಕೊಂಡು ನಡೆಯುವನು. ಅವನ ಔಷಧ, ಅವನ ಟವಲು, ಮಕ್ಕಳ ಬಟ್ಟೆ, ಎಲ್ಲರ ಬುತ್ತಿ, ಇವೆಲ್ಲವೂ ಹೆಂಡತಿಯ ಚೀಲದಲ್ಲಿರುವುವು. “ನನಗೇನೂ ಬೇಡ” ಎಂದು ಅವನು ಹೆಮ್ಮೆಯಿಂದ ಹೇಳುವನು. ಇನ್ನೊಬ್ಬನು ಬರಿಗೈಯಲ್ಲಿ ನೆಂಟರ ಮನೆಗೆ ಹೋಗಿ ಸೋಪಿನಿಂದ ಹಿಡಿದು ಹೊದಿಕೆಯವರೆಗೆ ಒಂದೊಂದನ್ನೂ ಕೇಳಿ ಪಡೆಯುವನು. ಮತ್ತೊಬ್ಬನು ಹೋದ ಊರಿನಲ್ಲಿ ಎಲ್ಲವನ್ನೂ ಕೊಂಡು, ಬರುವಾಗ ಅಲ್ಲಿಯೇ ಬಿಸುಟು ಬರುವನು. ಈ ಮೂವರ ಗಂಟೂ ಹಗುರವೇ. ಆದರೆ ಮೊದಲನೆಯವನ ಭಾರ ಹೆಂಡತಿಯ ಭುಜದ ಮೇಲಿದೆ, ಎರಡನೆಯವನದು ಆತಿಥೇಯರ ಬೀರುವಿನಲ್ಲಿದೆ, ಮೂರನೆಯವನದು ಊರಿನ ಕಸದ ತೊಟ್ಟಿಯಲ್ಲಿದೆ.

ಹಾಗಾದರೆ ಎಲ್ಲವನ್ನೂ ತುಂಬಿಕೊಂಡು ಹೋಗುವುದೇ ಲೇಸೆಂದು ಹೇಳಬಹುದೆ? ಅದೂ ಸಲ್ಲದು. ರೈಲಿನ ಸ್ಲೀಪರ್ ತರಗತಿಯಲ್ಲಿ ಒಬ್ಬರಿಗೆ 40 ಕಿಲೋ, ದೇಶದೊಳಗಿನ ವಿಮಾನಗಳಲ್ಲಿ ಕೈಚೀಲಕ್ಕೆ ಸಾಮಾನ್ಯವಾಗಿ 7 ಕಿಲೋ ಎಂದು ನಿಯಮವಿದೆ. ವಾಹನವು ಎಷ್ಟು ಹೊರುವುದೆಂಬುದನ್ನು ನಿಯಮವು ಹೇಳುವುದು; ಎತ್ತಿ ಇಡುವವರು ಯಾರೆಂಬುದನ್ನು ಹೇಳದು. 2016ರ ರೈಲ್ವೆ ಆಯವ್ಯಯದಲ್ಲಿ ನಿಲ್ದಾಣದ ಕೂಲಿಗಳನ್ನು ‘ಸಹಾಯಕ’ರೆಂದು ಕರೆಯಬೇಕೆಂದು ಸಾರಲಾಯಿತು. ಹೆಸರು ಬದಲಾಯಿತು, ತಲೆಯ ಮೇಲಣ ಪೆಟ್ಟಿಗೆಯ ತೂಕ ಇಳಿಯಲಿಲ್ಲ. ಎಲ್ಲರೂ ತಂತಮ್ಮ ಗಂಟನ್ನು ತಾವೇ ಹೊತ್ತರೆ ಅವರ ಜೀವನದ ಗತಿಯೇನೆಂದು ಶಂಕಿಸಬಹುದು. ವೃದ್ಧರು, ರೋಗಿಗಳು, ಕೈಗೂಸಿನ ತಾಯಂದಿರು ಎಂದಿಗೂ ಇರುವರು. ನ್ಯಾಯವಾದ ಕೂಲಿಯನ್ನು ಕೊಟ್ಟು ಸಹಾಯ ಪಡೆಯುವುದರಲ್ಲಿ ದೋಷವಿಲ್ಲ. ಹೊರುವವನು ಬೇರೆ ಇದ್ದಾನೆಂಬ ಧೈರ್ಯದಿಂದ ವಿವೇಚನೆಯಿಲ್ಲದೆ ತುಂಬಿ, ಕೊನೆಗೆ ಅವನೊಡನೆ ಹತ್ತು ರೂಪಾಯಿಗೆ ಚೌಕಾಶಿ ಮಾಡುವುದೇ ದೋಷ.

ಈ ವಿಷಯದಲ್ಲಿ 1931ರ ಒಂದು ಘಟನೆ ಸ್ಮರಣೀಯವಾದುದು. ದುಂಡುಮೇಜಿನ ಪರಿಷತ್ತಿಗಾಗಿ ಗಾಂಧಿಯವರು ಆಗಸ್ಟ್ 29ರಂದು ಮುಂಬಯಿಯಿಂದ ‘ರಾಜಪುತಾನಾ’ ಎಂಬ ಹಡಗಿನಲ್ಲಿ ಹೊರಟರು. ಸಂಗಡಿಗರು ಅನೇಕ ಪೆಟ್ಟಿಗೆಗಳನ್ನು ತಂದಿರುವುದು ಹಡಗಿನ ಮೇಲೆ ಅವರಿಗೆ ತಿಳಿದುಬಂದಿತು. ಅವರು ಬಹಳವಾಗಿ ನೊಂದುಕೊಂಡರು. ಅನಾವಶ್ಯಕವಾದವುಗಳು ಏಡನ್ ಬಂದರಿನಿಂದ ಹಿಂದಕ್ಕೆ ಹೋದವು. ಬಡ ಜನರ ಪ್ರತಿನಿಧಿಯಾಗಿ ಹೊರಟವರ ಸಾಮಾನು ಬಡವರಿಗೆ ಒಪ್ಪುವಂತಿರಬೇಕೆಂಬುದು ಅಲ್ಲಿಯ ನ್ಯಾಯ. ಅದೇ ನವೆಂಬರಿನಲ್ಲಿ ಅವರು ಮೊಳಕಾಲಿನ ಪಂಚೆಯಲ್ಲಿ, ಶಾಲು ಹೊದ್ದು, ಲಂಡನ್ನಿನ ಅರಮನೆಗೆ ಹೋದರು. 1921ರಲ್ಲಿ ಮಧುರೆಯಲ್ಲಿ ಸ್ವೀಕರಿಸಿದ ಉಡುಪು ಅದು. ಅದನ್ನು ಅಲಕ್ಷ್ಯವೆಂದು ಯಾರೂ ಹೇಳಲಾರರು. ಬಟ್ಟೆ ಸ್ವಲ್ಪವೇ, ಆದರೆ ಶುಭ್ರ, ಮತ್ತು ಉಟ್ಟವರ ಬಾಳಿಗೆ ತಕ್ಕುದು.

ಇಲ್ಲಿಯೇ ಅಲಂಕಾರಕ್ಕೂ ಅಚ್ಚುಕಟ್ಟಿಗೂ ಇರುವ ಭೇದವು ತಿಳಿಯುವುದು. ಅಲಂಕಾರವು ಸಂಖ್ಯೆಯನ್ನು ಬಯಸುವುದು. ಅಚ್ಚುಕಟ್ಟು ಗುಣವನ್ನು ಬಯಸುವುದು. ಒಗೆದು ಮಡಿಸಿದ ಎರಡು ಜೊತೆ ಬಟ್ಟೆ, ಒಂದಕ್ಕೊಂದು ಒಪ್ಪುವ ಬಣ್ಣದವು, ಮುದುರಿದ ಎಂಟು ಜೊತೆಗಿಂತ ಮೇಲು. ರಾತ್ರಿ ಒಗೆದು ಹರವಿದರೆ ಬೆಳಗಿಗೆ ಒಣಗುವ ತೆಳು ಹತ್ತಿಯ ಬಟ್ಟೆಯೇ ಪ್ರಯಾಣಿಕನ ನಿಜವಾದ ಆಸ್ತಿ. ಆಷಾಢದ ಮಲೆನಾಡಿನಲ್ಲಿ ಮಾತ್ರ ಅದೂ ಒಣಗದು; ಅಲ್ಲಿ ಮೂರನೆಯ ಜೊತೆಯು ಲೋಭವಲ್ಲ, ವಿವೇಕ. ನಮ್ಮ ಕುರುಬರ ಕಂಬಳಿಯನ್ನು ನೋಡಬೇಕು: ಹಾಸಿದರೆ ಹಾಸಿಗೆ, ಹೊದ್ದರೆ ಹೊದಿಕೆ, ಕೊಪ್ಪೆ ಮಾಡಿ ತಲೆಗೆ ಹಾಕಿದರೆ ಮಳೆಗೆ ಮರೆ. ಉಣ್ಣೆಯ ಎಳೆಗಳ ನಡುವೆ ಗಾಳಿಯು ಸಿಕ್ಕಿ ನಿಲ್ಲುವುದರಿಂದ ಕೊಂಚ ನೆನೆದರೂ ಅದು ಬೆಚ್ಚಗಿರುವುದು. ಒಂದು ವಸ್ತುವು ನಾಲ್ಕು ಕೆಲಸ ಮಾಡಿದರೆ ಮೂರು ವಸ್ತುಗಳು ಮನೆಯಲ್ಲಿಯೇ ಉಳಿಯುವುವು, ಸುಖಕ್ಕೆ ಕೊರತೆಯಿಲ್ಲ.

ಮದುವೆಗೆ ಹೋಗುವವರು ರೇಷ್ಮೆಯ ಸೀರೆಯನ್ನು ಒಯ್ಯುವುದನ್ನು ಯಾರೂ ಆಕ್ಷೇಪಿಸಲಾರರು. ಅದು ಕರೆದವರ ಮನೆಗೆ ಸಲ್ಲಿಸುವ ಮರ್ಯಾದೆ. ನಿತ್ಯದ ಔಷಧವನ್ನು ಒಯ್ಯುವುದೂ ಹಾಗೆಯೇ. ಅದನ್ನು ಮರೆತವನು ರಾತ್ರಿಯಲ್ಲಿ ಇಡೀ ಮನೆಯನ್ನು ಎಬ್ಬಿಸುವನು. ಪರರ ಗೌರವಕ್ಕಾಗಿ, ಪರರಿಗೆ ತೊಂದರೆಯಾಗದಿರಲೆಂದು ಒಯ್ದ ವಸ್ತುವಿಗೆ ಗಂಟಿನಲ್ಲಿ ಹಕ್ಕಿನ ಸ್ಥಾನವುಂಟು. ಕೇವಲ ಭಯದಿಂದಲೂ, ನಾಲ್ವರ ಕಣ್ಣಿಗೆ ದೊಡ್ಡವರಾಗಿ ಕಾಣಬೇಕೆಂಬ ಆಸೆಯಿಂದಲೂ ಸೇರಿದ ವಸ್ತುವಿಗೆ ಆ ಹಕ್ಕಿಲ್ಲ.

ಆದುದರಿಂದ ಗಂಟನ್ನು ಕಟ್ಟಿದ ಮೇಲೆ, ಹೊರಡುವ ಮುಂಚೆ, ಮನೆಯ ಯಜಮಾನನು ಅದನ್ನು ತಾನೇ ಎತ್ತಿ ಬೀದಿಯ ಕೊನೆಯವರೆಗೆ ನಡೆದು ಬರುವುದು ಒಳ್ಳೆಯದು. ಹೆಂಡತಿಯ ಚೀಲವನ್ನೂ ಒಮ್ಮೆ ಎತ್ತಿ ನೋಡುವುದು ಇನ್ನೂ ಒಳ್ಳೆಯದು. ಹಿಂದಿರುಗಿ ಬಂದವನು ಬಾಯಿಂದ ಏನನ್ನೂ ಹೇಳದೆ ಪೆಟ್ಟಿಗೆಯನ್ನು ಬಿಚ್ಚತೊಡಗುವನು.