ಕಾಯಿಸುವವರ ಋಣ

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಒಬ್ಬ ಹುಡುಗಿ ಇದ್ದಾಳೆ. ಜೀವಶಾಸ್ತ್ರದಲ್ಲಿ ಪದವಿ ಪಡೆದವಳು. ಮುಂದಿನ ವ್ಯಾಸಂಗಕ್ಕಾಗಿ ದೂರದೇಶದ ಒಂದು ವಿಶ್ವವಿದ್ಯಾನಿಲಯಕ್ಕೆ ಬರೆದುಕೊಂಡಳು; ಅವರು ಸ್ಥಳ ಕೊಟ್ಟದ್ದಲ್ಲದೆ ಅರ್ಧ ವೆಚ್ಚವನ್ನು ತಾವೇ ವಹಿಸುವುದಾಗಿಯೂ ತಿಳಿಸಿದರು. ತಂದೆ ಪ್ರಾಥಮಿಕ ಶಾಲೆಯ ಉಪಾಧ್ಯಾಯರು. ಉಳಿದ ಅರ್ಧಕ್ಕೆ ಮನೆಯ ಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ಸಾಲ ಮಂಜೂರು ಮಾಡಿಸಿಕೊಂಡರು. ಇನ್ನು ಬೇಕಾಗಿದ್ದುದು ಆ ದೇಶದೊಳಗೆ ಕಾಲಿಡಲು ಅಪ್ಪಣೆ. ಹಿಂದಿನವರು ರಹದಾರಿ ಎನ್ನುತ್ತಿದ್ದುದಕ್ಕೆ ಹತ್ತಿರದ ವಸ್ತು, ಈಗ ಎಲ್ಲರೂ ವೀಸಾ ಎನ್ನುವುದು. ಅರ್ಜಿ ಹೋಯಿತು, ಶುಲ್ಕ ಸಂದಿತು, ಬೆರಳಚ್ಚು ಕೊಟ್ಟದ್ದಾಯಿತು. ಆಮೇಲೆ ಬಂದದ್ದು 'ಪರಿಶೀಲನೆಯಲ್ಲಿದೆ' ಎಂಬ ಒಂದು ಮಾತು. ನಾಲ್ಕು ತಿಂಗಳ ಕಾಲ ಅದೊಂದೇ ಮಾತು. ಆ ದೇಶ ಯಾವುದೆಂಬುದನ್ನು ನಾನು ಹೇಳುವುದಿಲ್ಲ. ನನಗೆ ಬೇಕಾದುದು ದೂರಲ್ಲ, ವಿಚಾರ.

ಒಂದು ಸಂಜೆ ಆಕೆ ಪುಸ್ತಕವೊಂದನ್ನು ಹಿಂದಿರುಗಿಸಲು ಬಂದಿದ್ದಳು. ಮುಖ ಬಾಡಿತ್ತು. ವಯಸ್ಸಾದವರಿಗೆ ಸುಲಭವಾಗಿ ಬಾಯಿಗೆ ಬರುವ ಮಾತೇ ನನಗೂ ಬಂದಿತು: "ತಾಳಿದವನು ಬಾಳಿಯಾನು, ಮಗು." ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ತಾತ, ತಾಳ್ಮೆ ನನ್ನದು, ಸರಿ, ತಡ ಅವರದು. ನೀವು ಎರಡನ್ನೂ ನನ್ನ ತಲೆಗೇ ಕಟ್ಟುತ್ತಿದ್ದೀರಿ" ಎಂದಳು. ಮಾತಿನಲ್ಲಿ ಕೋಪವಿರಲಿಲ್ಲ. ಆದರೆ ಆ ದಿನದಿಂದ ನನ್ನ ಗಾದೆ ನನಗೇ ಚುಚ್ಚತೊಡಗಿದೆ.

ತಾಳ್ಮೆ ಸದ್ಗುಣವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದನ್ನು ಉಪದೇಶಿಸುವ ಅಧಿಕಾರ ಯಾರಿಗಿದೆ? ಹಸಿದವನಿಗೆ ಉಪವಾಸದ ಮಹಿಮೆಯನ್ನು ಉಂಡವನು ಹೇಳಬಹುದೆ? ಮತ್ತೊಬ್ಬರ ಸಹನೆಯನ್ನು ಹೊಗಳುವಾಗ ಅವರಿಗೆ ಆದ ಅನ್ಯಾಯದಿಂದ ನಮ್ಮ ದೃಷ್ಟಿಯನ್ನು ತಿರುಗಿಸಿಕೊಳ್ಳುತ್ತಿದ್ದೇವೆಯೋ ಎಂದು ಕೇಳಿಕೊಳ್ಳಬೇಕಾಗುತ್ತದೆ. ಅನ್ಯಾಯವೆಂಬ ಮಾತು ಇಲ್ಲಿ ಸಲ್ಲುತ್ತದೆಯೆ ಎಂಬುದೇ ಮೊದಲು ನಿರ್ಣಯವಾಗಬೇಕಾದ ವಿಷಯ. ಏಕೆಂದರೆ ಯಾರೂ ಆಕೆಗೆ ಇಲ್ಲವೆಂದು ಹೇಳಿಲ್ಲ. ಇಲ್ಲವೆನ್ನದವನು ಯಾವ ತಪ್ಪು ಮಾಡಿದಂತಾಯಿತು?

ನಿರಾಕರಣೆಯಲ್ಲಿ ಒಂದು ಬಗೆಯ ಮರ್ಯಾದೆಯುಂಟು. ನಿರಾಕೃತನಾದವನು ಒಂದು ದಿನ ಅಳುತ್ತಾನೆ, ಮರುದಿನ ಬೇರೆ ದಾರಿ ಹುಡುಕುತ್ತಾನೆ. ಕಾಯುತ್ತಿರುವವನಿಗೆ ಆ ಸ್ವಾತಂತ್ರ್ಯವೂ ಇಲ್ಲ. ನಮ್ಮ ನೆರೆಮನೆಯ ಹುಡುಗಿಗೆ ಊರಿನ ಕಾಲೇಜಿನಲ್ಲಿ ಒಂದು ವರ್ಷದ ಕೆಲಸ ಸಿಗುವಂತಿತ್ತು. ನಾಳೆಯೇ ವೀಸಾ ಬಂದರೆ ಏನು ಗತಿ ಎಂದು ಒಪ್ಪಿಕೊಳ್ಳಲಾಗಲಿಲ್ಲ. ಮೈಸೂರಿನಲ್ಲಿ ಎಂ.ಎಸ್ಸಿ.ಗೆ ಸೇರುವ ಅವಧಿಯೂ ಹೀಗೆಯೇ ಕಳೆಯಿತು. ಮಹಡಿಯ ಕೋಣೆಯನ್ನು ಬಾಡಿಗೆಗೆ ಕೊಡಬೇಕೆಂದಿದ್ದ ತಾಯಿ, ಮಗಳ ಪುಸ್ತಕಗಳು ಅಲ್ಲಿಯೇ ಇರುವುದರಿಂದ ಕೊಡಲಿಲ್ಲ. ಉತ್ತರ ಬಾರದ ಒಂದು ಅರ್ಜಿ ಇಡೀ ಮನೆಯನ್ನು ಹೊಸ್ತಿಲ ಮೇಲೆ ನಿಲ್ಲಿಸಿಬಿಟ್ಟಿತು.

ವಿದ್ಯಾರ್ಥಿಯ ಕಾಲಕ್ಕೆ ಇನ್ನೊಂದು ಸ್ವಭಾವವಿದೆ. ವ್ಯಾಪಾರಿ ಈ ತಿಂಗಳಲ್ಲದಿದ್ದರೆ ಮುಂದಿನ ತಿಂಗಳು ಹೋಗಬಹುದು. ಬಂಧುಗಳನ್ನು ನೋಡಹೋಗುವವರು ದಸರೆಗಲ್ಲದಿದ್ದರೆ ಯುಗಾದಿಗೆ ಹೋಗಬಹುದು. ಪಾಠ ಆರಂಭವಾಗುವುದು ಗೊತ್ತಾದ ದಿನ. ಅಮೆರಿಕದ ಸಂಯುಕ್ತ ಸಂಸ್ಥಾನಗಳ ನಿಯಮವನ್ನೇ ನೋಡಿ: ಹೊಸ ವಿದ್ಯಾರ್ಥಿ ತರಗತಿ ಆರಂಭವಾಗುವುದಕ್ಕೆ 30 ದಿನಗಳಿಗಿಂತ ಮುಂಚೆ ಆ ನೆಲದಲ್ಲಿ ಇಳಿಯುವಂತಿಲ್ಲ; ಆರಂಭವಾದ ಮೇಲೆ ತಡವಾಗಿ ಬರುವುದಕ್ಕೆ ವಿಶ್ವವಿದ್ಯಾನಿಲಯದ ಒಪ್ಪಿಗೆ ಬೇಕು. ಬಾಗಿಲು ತೆರೆದಿರುವುದು ಒಂದು ಸಣ್ಣ ಸಂದಿಯಷ್ಟು ಮಾತ್ರ. 2025ರ ಮೇ 27ರಂದು ಆ ಸರಕಾರ ವಿದ್ಯಾರ್ಥಿ ವೀಸಾಗಳಿಗೆ ಹೊಸ ಸಂದರ್ಶನದ ದಿನಗಳನ್ನು ಗೊತ್ತುಮಾಡುವುದನ್ನು ನಿಲ್ಲಿಸಿತು. ಜೂನ್ 18ರಂದು ಮತ್ತೆ ಆರಂಭಿಸುವುದಾಗಿ ಪ್ರಕಟಿಸಿತು. ಅಷ್ಟರಲ್ಲಿ ಅರ್ಜಿದಾರರು ಸಾಮಾಜಿಕ ಜಾಲತಾಣಗಳ ತಮ್ಮ ಪುಟಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕೆಂಬ ಹೊಸ ವಿಧಿಯೂ ಸೇರಿತು. ಲೆಕ್ಕಕ್ಕೆ ಮೂರು ವಾರಗಳು. ಮಾಘಮಾಸದಲ್ಲಿ ಮೂರು ವಾರ ಮಳೆ ಬಾರದಿದ್ದರೆ ನಮ್ಮ ರೈತ ತಲೆಯೆತ್ತಿ ಆಕಾಶವನ್ನೂ ನೋಡುವುದಿಲ್ಲ. ಬಿತ್ತನೆಯ ಕಾಲದ ಮೂರು ವಾರವೆಂದರೆ ಒಂದು ವರ್ಷದ ಅನ್ನ. ಆಗಸ್ಟಿನಲ್ಲಿ ತರಗತಿ ಆರಂಭವಾಗುವವರಿಗೆ ಜೂನ್ ತಿಂಗಳು ಬಿತ್ತನೆಯ ಕಾಲ.

(ಕನ್ನಡ ನಾಡಿನವರಿಗೆ ಇದರ ಮೇಲೆ ಪ್ರಯಾಣದ ಕಷ್ಟವೂ ಉಂಟು. ಅಮೆರಿಕದ ವೀಸಾಕ್ಕಾಗಿ ನಮ್ಮ ಹುಡುಗರು ಬಹುಕಾಲದಿಂದ ಚೆನ್ನೈಗೋ ಹೈದರಾಬಾದಿಗೋ ಹೋಗುತ್ತ ಬಂದವರು. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿಯೇ ಆ ದೇಶದ ದೂತಕಚೇರಿ ಉದ್ಘಾಟನೆಯಾದಾಗ ಅನೇಕರು ಹಿಗ್ಗಿದರು. ಆದರೆ ವೀಸಾ ಕೊಡುವ ಕೆಲಸ ಅದರೊಡನೆ ಆರಂಭವಾಗಲಿಲ್ಲ. ಮಂಟಪ ಎದ್ದಿತು, ಮುಹೂರ್ತ ಬರಲಿಲ್ಲ.)

ಇದಕ್ಕೆ ಎದುರು ವಾದವಿಲ್ಲದೆ ಇಲ್ಲ. ಆ ವಾದ ಬಲವಾದದ್ದು. ಅದನ್ನು ಹಗುರಾಗಿ ಕಾಣಬಾರದು. ತನ್ನ ಮನೆಯೊಳಗೆ ಯಾರನ್ನು ಬಿಡಬೇಕೆಂಬುದು ಮನೆಯವನ ಇಷ್ಟ. ಅನ್ಯದೇಶೀಯನು ಕೇಳುವುದು ಹಕ್ಕನ್ನಲ್ಲ, ಅನುಗ್ರಹವನ್ನು. ಅನುಗ್ರಹಕ್ಕೆ ಗಡುವು ಹಾಕುವುದೆಂತು? ಜರ್ಮನಿಯ ದಾರ್ಶನಿಕ ಕಾಂಟನು 1795ರಲ್ಲಿ ಬರೆದ ಶಾಶ್ವತ ಶಾಂತಿಯ ಪ್ರಬಂಧದಲ್ಲಿ ಈ ಪ್ರಶ್ನೆಯನ್ನೇ ತೂಗಿ ನೋಡಿದ್ದಾನೆ. ಪರಕೀಯನಿಗೆ ಅತಿಥಿಯಾಗಿ ಉಳಿಯುವ ಹಕ್ಕಿಲ್ಲವೆಂದೂ, ಅವನ ವಿನಾಶಕ್ಕೆ ಕಾರಣವಾಗದಂತಿದ್ದರೆ ಅವನನ್ನು ಹಿಂದಕ್ಕೆ ಕಳುಹಿಸಬಹುದೆಂದೂ ಅವನ ಅಭಿಪ್ರಾಯ. ಆದರೆ ಬಂದವನನ್ನು ಹಗೆಯಂತೆ ಕಾಣಕೂಡದು; ಭೇಟಿಗಾಗಿ ಬಂದು ನಿಲ್ಲುವಷ್ಟು ಹಕ್ಕು ಭೂಮಿಯ ಮೇಲೆ ಹುಟ್ಟಿದ ಎಲ್ಲರಿಗೂ ಇದೆ ಎಂಬುದೂ ಅವನದೇ ಮಾತಿನ ಸಾರ. ಹಾಗಾದರೆ ಸ್ವಾಗತವಿದೆ, ತಿರಸ್ಕಾರವಿದೆ. ಎರಡನ್ನೂ ಮಾಡದೆ ಬಾಗಿಲಲ್ಲಿ ನಿಲ್ಲಿಸಿಕೊಳ್ಳುವುದನ್ನು ಏನೆಂದು ಕರೆಯೋಣ?

ವಿದ್ಯಾರ್ಥಿಯಾದವನು ಕರೆಯದೆ ಬಂದವನೂ ಅಲ್ಲ. ಆ ದೇಶಗಳ ವಿಶ್ವವಿದ್ಯಾನಿಲಯಗಳು ನಮ್ಮ ಊರುಗಳ ಹೋಟೆಲುಗಳಲ್ಲಿ ಮೇಳಗಳನ್ನು ನಡೆಸಿ, ಬನ್ನಿರೆಂದು ಕರೆಯುತ್ತವೆ. ಅರ್ಜಿಯನ್ನು ತೆಗೆದುಕೊಂಡಾಗ ಹಣವನ್ನೂ ತೆಗೆದುಕೊಳ್ಳುತ್ತಾರೆ. ಅಮೆರಿಕದ ವಿದ್ಯಾರ್ಥಿ ವೀಸಾದ ಅರ್ಜಿಗೆ 2023ರಲ್ಲಿ ಗೊತ್ತಾದ ಶುಲ್ಕ 185 ಡಾಲರು, ವಿದ್ಯಾರ್ಥಿಗಳ ದಾಖಲೆಯ ವ್ಯವಸ್ಥೆಗೆಂದು ಬೇರೆ 350 ಡಾಲರು. ವೀಸಾ ದೊರೆಯದಿದ್ದರೂ ಅರ್ಜಿಯ ಶುಲ್ಕ ಹಿಂದಕ್ಕೆ ಬರುವುದಿಲ್ಲ. ಅದು ನ್ಯಾಯವೇ, ಹಣ ಕೊಟ್ಟದ್ದು ವೀಸಾಕ್ಕಲ್ಲ, ಪರಿಶೀಲನೆಗೆ. ಆದರೆ ಪರಿಶೀಲನೆಗೆ ಹಣ ಪಡೆದವರು ಪರಿಶೀಲಿಸಿ ಮುಗಿಸುವ ಋಣಕ್ಕೆ ಸಿಕ್ಕಿಬಿದ್ದರೆಂದೇ ನನ್ನ ಅಭಿಪ್ರಾಯ. 'ಆಗಲಿ' ಎನ್ನುವ ಋಣವಲ್ಲ. 'ಆಗಲಿ' ಎಂದೋ 'ಆಗದು' ಎಂದೋ ಹೇಳುವ ಋಣ.

ಈ ಭೇದ ನನ್ನ ಕಲ್ಪನೆಯಲ್ಲ. ಸರಕಾರದ ಇಲಾಖೆಗಳು ತಮ್ಮ ಮುಂದೆ ಬಂದ ವಿಷಯಗಳನ್ನು ಯುಕ್ತವಾದ ಕಾಲದಲ್ಲಿ ಮುಗಿಸತಕ್ಕದ್ದೆಂದು ಅಮೆರಿಕದ ಶಾಸನವೊಂದು 1946ರಲ್ಲಿಯೇ ವಿಧಿಸಿದೆ. ವೀಸಾ ಕೊಡುವುದಿಲ್ಲವೆಂದ ಅಧಿಕಾರಿಯ ತೀರ್ಮಾನವನ್ನು ಅಲ್ಲಿನ ನ್ಯಾಯಾಲಯಗಳು ಸಾಮಾನ್ಯವಾಗಿ ಮುಟ್ಟುವುದಿಲ್ಲ. ತೀರ್ಮಾನವನ್ನೇ ಮಾಡದೆ ಇಟ್ಟುಕೊಂಡಿದ್ದಾರೆಂಬ ದೂರನ್ನಾದರೋ ಕೇಳಿದ ನ್ಯಾಯಾಲಯಗಳುಂಟು. ಅಲ್ಲಿ ಗೆದ್ದವರೂ ಇದ್ದಾರೆ, ಸೋತವರೂ ಇದ್ದಾರೆ. ಉತ್ತರ ಏನಾದರೂ ಇರಲಿ, ಉತ್ತರ ಕೊಡುವುದು ಮಾತ್ರ ಕರ್ತವ್ಯ ಎಂಬ ತತ್ತ್ವ ಅದರೊಳಗೆ ಅಡಗಿದೆ.

ನಮ್ಮವರಿಗೆ ಇದು ಹೊಸ ತತ್ತ್ವವೇನೂ ಅಲ್ಲ. ಕಠೋಪನಿಷತ್ತಿನ ನಚಿಕೇತನ ಕಥೆಯನ್ನು ನಾವು ಆತ್ಮವಿದ್ಯೆಗಾಗಿ ಓದುತ್ತೇವೆ. ಅದರ ಆರಂಭವನ್ನು ದಾಟಿಹೋಗುತ್ತೇವೆ. ವಿದ್ಯಾರ್ಥಿಯ ವಯಸ್ಸಿನ ಹುಡುಗ ಪರಲೋಕದ ಬಾಗಿಲಲ್ಲಿ ಮೂರು ರಾತ್ರಿ ಅನ್ನವಿಲ್ಲದೆ ಕಾದ. ಯಮ ಮನೆಯಲ್ಲಿರಲಿಲ್ಲ. ಅವನಿಗಿಂತ ಹೆಚ್ಚು ಕೆಲಸವಿರುವ ಅಧಿಕಾರಿ ಯಾವ ಲೋಕದಲ್ಲಿದ್ದಾನೆ? ಹಿಂದಿರುಗಿದವನು ತನ್ನ ಕೆಲಸದ ಹೊರೆಯನ್ನು ಹೇಳಿಕೊಳ್ಳಲಿಲ್ಲ. ಹುಡುಗನಿಗೆ ನಮಸ್ಕರಿಸಿದ, ಕಾದ ಒಂದೊಂದು ರಾತ್ರಿಗೆ ಒಂದೊಂದರಂತೆ ಮೂರು ವರಗಳನ್ನು ಕೊಟ್ಟ. ನಚಿಕೇತನು ವಿದ್ಯೆಗೆ ಅರ್ಹನೋ ಅಲ್ಲವೋ ಎಂಬ ಪರೀಕ್ಷೆ ಆಮೇಲೆ ನಡೆಯಿತು, ಕಠಿನವಾಗಿಯೇ ನಡೆಯಿತು. ಕಾಯಿಸಿದ ಸಾಲ ಆ ಪರೀಕ್ಷೆಯ ಫಲವನ್ನು ಕಾಯಲಿಲ್ಲ.

ನಮ್ಮ ರಾಜ್ಯದಲ್ಲಿ 'ಸಕಾಲ' ಎಂಬ ಹೆಸರಿನಲ್ಲಿ 2012ರಲ್ಲಿ ಜಾರಿಗೆ ಬಂದ ವ್ಯವಸ್ಥೆಯನ್ನು ಯೋಚಿಸಿದಾಗ ನನಗೆ ಯಮಧರ್ಮನ ನೆನಪಾಗುತ್ತದೆ. ಗೊತ್ತಾದ ದಿನದೊಳಗೆ ಕೆಲಸ ಮಾಡಿಕೊಡದಿದ್ದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ, ಅರ್ಜಿದಾರನಿಗೆ ಪರಿಹಾರವೆಂದು ಅದರ ಶಾಸನ ಹೇಳಿತು. ವರಕ್ಕೆ ಹೋಲಿಸಿದರೆ ಇದು ಹಾಸ್ಯಾಸ್ಪದವಾದ ಮೊತ್ತ. ಆದರೆ ಕಾಯಿಸಿದ ದಿನಕ್ಕೆ ಬೆಲೆಯಿದೆ, ಅದನ್ನು ತೆರಬೇಕಾದವನು ಕಾಯಿಸಿದವನು ಎಂದು ಒಪ್ಪಿದ್ದೇ ದೊಡ್ಡದು. ಅದು ನಾಗರಿಕರಿಗೆ ಮಾತ್ರ ಎಂಬುದು ನಿಜ. ಮತದಾನ ಮಾಡುವವರನ್ನು ಸರಕಾರಗಳು ತಡವಾಗಿಯಾದರೂ ನೆನೆಯುತ್ತವೆ. ಮತವಿಲ್ಲದ ಪರದೇಶಿಯ ದಿನಗಳಿಗೆ ಲೆಕ್ಕ ಬರೆಯುವವರು ಯಾರು?

ಇಷ್ಟು ಹೇಳಿದ ಮೇಲೆ ನಮ್ಮ ಕಡೆಯ ತಪ್ಪನ್ನು ಮುಚ್ಚಿಡುವುದು ಸಲ್ಲದು. ಕಿಟಕಿಯ ಆಚೆ ಕುಳಿತ ಅಧಿಕಾರಿ ರಾಕ್ಷಸನಲ್ಲ. ಅವನ ಮುಂದೆ ಬರುವ ಕಾಗದಗಳಲ್ಲಿ ಎಷ್ಟೋ ಸುಳ್ಳು. ನಾಲ್ಕು ದಿನಕ್ಕೆಂದು ಸಾಲ ತಂದು ಬ್ಯಾಂಕಿನಲ್ಲಿ ತೋರಿಸಿದ ಹಣ, ದುಡ್ಡು ಕೊಟ್ಟು ಬರೆಯಿಸಿದ ಪ್ರಮಾಣಪತ್ರ. 2023ರಲ್ಲಿ ಕೆನಡಾದಲ್ಲಿ ನಮ್ಮ ದೇಶದ ಹಲವು ವಿದ್ಯಾರ್ಥಿಗಳು ದಲ್ಲಾಳಿಗಳು ಕೊಡಿಸಿದ ಪ್ರವೇಶಪತ್ರಗಳು ಖೋಟಾ ಎಂದು ತಿಳಿದು ಗಡೀಪಾರಿನ ಭಯದಲ್ಲಿ ನಿಂತರು; ತಾವೇ ಮೋಸಹೋದವರೂ ಅವರಲ್ಲಿದ್ದರು. ಆ ವರ್ಷದ ಡಿಸೆಂಬರಿನಿಂದ ಪ್ರತಿಯೊಂದು ಪ್ರವೇಶಪತ್ರವನ್ನೂ ಅಲ್ಲಿನ ವಿದ್ಯಾಸಂಸ್ಥೆಯೇ ದೃಢಪಡಿಸಬೇಕೆಂಬ ನಿಯಮ ಬಂದಿತು. ಒಬ್ಬನ ಸುಳ್ಳಿಗಾಗಿ ನೂರು ಜನ ಪ್ರಾಮಾಣಿಕರು ದಾಟಬೇಕಾದ ಇನ್ನೊಂದು ಮೆಟ್ಟಿಲು.

ಈ ಮಾತನ್ನು ನಾನು ಸುಲಭವಾಗಿ ಹೇಳಲಾರೆ; ಕಾರಣವಿದೆ. ಮೂರನೆಯ ತಿಂಗಳಲ್ಲಿ ಆ ಹುಡುಗಿಯ ತಂದೆಗೆ ಪೇಟೆಯ ದಲ್ಲಾಳಿಯೊಬ್ಬ ಒಂದು ಉಪಾಯ ಹೇಳಿದನಂತೆ. ತರಗತಿ ಇಪ್ಪತ್ತು ದಿನ ಮೊದಲೇ ಆರಂಭವಾಗುವುದೆಂದು ತೋರಿಸುವ ಒಂದು ಪತ್ರವನ್ನು ತಾನೇ ಮಾಡಿಕೊಡುವನು. ತುರ್ತೆಂದು ಬಗೆದು ಅರ್ಜಿಯನ್ನು ಮೊದಲು ತೆಗೆದುಕೊಳ್ಳುವರು. ವೀಸಾ ಬಂದ ಮೇಲೆ ಯಾರು ಕೇಳುತ್ತಾರೆ? ಅವರು ನನ್ನ ಬಳಿ ಬಂದು, "ಏನು ಮಾಡಲಿ, ಮೇಷ್ಟ್ರೆ? ಅವಳಿಗೆ ಅರ್ಹತೆ ಇಲ್ಲವೆಂದಲ್ಲವಲ್ಲ. ತಡವನ್ನು ತಪ್ಪಿಸುವ ಸುಳ್ಳು ತಾನೆ?" ಎಂದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ನೀತಿಪಾಠ ಹೇಳಿದ ನಾನು ಬೇಡವೆನ್ನಲಿಲ್ಲ. 'ಯೋಚಿಸಿ ನೋಡಿ' ಎಂದೆ. ಆ ಕ್ಷಣದಲ್ಲಿ ನನಗೂ ಅದು ದೊಡ್ಡ ಪಾಪವೆಂದು ತೋರಲಿಲ್ಲ. ದೀರ್ಘವಾದ ತಡ ಮಾಡುವ ಕೇಡುಗಳಲ್ಲಿ ಇದೊಂದು: ಸಾಧುವಾದ ಮನುಷ್ಯರಿಗೂ ಸುಳ್ಳು ನ್ಯಾಯದಂತೆ ಕಾಣತೊಡಗುತ್ತದೆ.

ಬೇಡವೆಂದವಳು ಆ ಹುಡುಗಿಯೇ. ಸಿಕ್ಕಿಬೀಳುವ ಹೆದರಿಕೆಯಿಂದ ಎಂದುಕೊಂಡೆ. ಹಾಗಲ್ಲವಂತೆ. "ನನ್ನ ಕಾಗದ ಮೇಲೆ ಬಂದರೆ ಇನ್ನೊಬ್ಬರದು ಕೆಳಗೆ ಹೋಗುತ್ತದಲ್ಲಪ್ಪ, ಅವರ ಮನೆಯಲ್ಲಿಯೂ ಅಮ್ಮ ಮಹಡಿ ಬಾಡಿಗೆಗೆ ಕೊಡದೆ ಕೂತಿರುತ್ತಾರೆ" ಎಂದಳಂತೆ. ಯಾರನ್ನು ಕಾಯಿಸುತ್ತಿದ್ದಾರೋ ಅವಳು ಮತ್ತೊಬ್ಬರನ್ನು ಕಾಯಿಸಲು ಒಪ್ಪಲಿಲ್ಲ. ತಾಳ್ಮೆಯೆಂದು ಹೊಗಳುವುದಿದ್ದರೆ ಇದನ್ನು ಹೊಗಳಬೇಕಿತ್ತು. ನಾನು ಹೊಗಳಿದ್ದು ಬೇರೆಯದನ್ನು.

ಕೊನೆಗೆ ಆಕೆ ವಿಶ್ವವಿದ್ಯಾನಿಲಯಕ್ಕೆ ನೇರವಾಗಿ ಬರೆದಳು: ಸ್ಥಳವನ್ನೂ ಸಹಾಯವನ್ನೂ ಒಂದು ಅವಧಿ ಮುಂದಕ್ಕೆ ಹಾಕಬಹುದೆ? ಒಂದು ವಾರದೊಳಗೆ ಉತ್ತರ ಬಂದಿತು. ಜನವರಿಯವರೆಗೆ ಸ್ಥಳವನ್ನು ಇಟ್ಟಿರುತ್ತೇವೆ, ಸಹಾಯದ ಹಣದ ಬಗ್ಗೆ ನವೆಂಬರಿನಲ್ಲಿ ತಿಳಿಸುತ್ತೇವೆ ಎಂದು. ಬ್ಯಾಂಕಿನವರನ್ನು ಕಂಡು, ಸಾಲದ ಹಣವನ್ನು ಆಗಲೇ ಬಿಡುಗಡೆ ಮಾಡದಂತೆ ತಡೆಯಿಸಿದರು. ಪಡೆಯದ ಹಣಕ್ಕೆ ಬಡ್ಡಿ ಏರುವುದು ತಪ್ಪಿತು. ಆ ರಾತ್ರಿ ಆ ಮನೆಯವರು ಬಹುದಿನಗಳ ಮೇಲೆ ನೆಮ್ಮದಿಯಾಗಿ ಉಂಡರೆಂದು ಕೇಳಿದೆ. ವೀಸಾ ಬಂದಿರಲಿಲ್ಲ, ಬಂದದ್ದು ಒಂದು ತಾರೀಖು ಮಾತ್ರ. ಡಾಕ್ಟರ್ ಅಂಬೇಡ್ಕರರು ವಿದ್ಯಾರ್ಥಿವೇತನ ಮುಗಿದು 1917ರಲ್ಲಿ ಲಂಡನ್ನಿನ ವ್ಯಾಸಂಗವನ್ನು ನಡುವೆಯೇ ಬಿಟ್ಟು ಬರಬೇಕಾದಾಗ, ನಾಲ್ಕು ವರ್ಷದೊಳಗೆ ಹಿಂದಿರುಗಿ ಮುಂದುವರಿಸಬಹುದೆಂಬ ಅನುಮತಿ ಅವರ ಕೈಯಲ್ಲಿತ್ತು. 1920ರಲ್ಲಿ ಅವರು ಹಿಂದಿರುಗಿದರು. ನಡುವಿನ ಆ ವರ್ಷಗಳು ಸುಖದವಲ್ಲ. ಆದರೆ ಎಣಿಸಬಹುದಾದ ವರ್ಷಗಳು. ಮನುಷ್ಯನು ಎಷ್ಟು ಉದ್ದದ ದಾರಿಯನ್ನಾದರೂ ನಡೆದಾನು, ಮೈಲಿಗಲ್ಲಿದ್ದರೆ. ವೀಸಾ ಕಚೇರಿಗಳಿಂದ ನಾನು ಬಯಸುವುದೂ ಇಷ್ಟೇ: ಬೇಗ ಆಗದಿದ್ದರೆ ಬೇಡ, ಇಂಥ ದಿನದೊಳಗೆ ಆಗದು ಎಂದಾದರೂ ತಿಳಿಸಲಿ.

ಈ ಬರಹವನ್ನು ಅಚ್ಚಿಗೆ ಕಳುಹಿಸುವ ಮೊದಲು ಆಕೆಗೆ ಓದಿ ತೋರಿಸಿದೆ. ಓದುತ್ತಿದ್ದಂತೆ ನನಗೆ ಒಂದು ಸಂಗತಿ ನೆನಪಾಗಿ, ಅದನ್ನೂ ಹೇಳಿದೆ. ನಾನು ಮುಖ್ಯೋಪಾಧ್ಯಾಯನಾಗಿದ್ದಾಗ ಹಳ್ಳಿಯ ಹುಡುಗನೊಬ್ಬ ಟಿ.ಸಿ.ಗಾಗಿ ಬಂದಿದ್ದ. ಗುಮಾಸ್ತೆ ರಜದ ಮೇಲಿದ್ದ. 'ಸೋಮವಾರ ಬಾ' ಎಂದೆ. ಸೋಮವಾರ ತನಿಖೆಯವರು ಬಂದಿದ್ದರು. 'ಗುರುವಾರ ಬಾ' ಎಂದೆ. ಗುರುವಾರ ಏನು ಕಾರಣವಿತ್ತೋ ಈಗ ನೆನಪಿಲ್ಲ. ಅವನು ಬಸ್ಸಿಗೆ ಕಾಸಿಲ್ಲದೆ ನಡೆದು ಬರುತ್ತಿದ್ದನೆಂದು ಆಮೇಲೆ ಯಾರೋ ಹೇಳಿದರು. ಬರೆಯಲು ಐದು ನಿಮಿಷ ಸಾಕಾಗಿದ್ದ ಕಾಗದ ಅದು.

"ಕೊನೆಗೆ ಕೊಟ್ಟಿರಾ, ತಾತ?" ಎಂದು ಕೇಳಿದಳು.

ಕೊಟ್ಟೆ ಎಂದೆ. ಆ ವೇಳೆಗೆ ಮುಂದಿನ ಕಾಲೇಜಿನಲ್ಲಿ ಪ್ರವೇಶದ ದಿನ ಮುಗಿದಿತ್ತೋ ಇಲ್ಲವೋ, ಅವನನ್ನು ನಾನು ಕೇಳಿರಲಿಲ್ಲ.