‘ಇಲ್ಲ ಸರ್’ ಅನ್ನೋದು ಯಾರ ಕೆಲಸ?

ನಿಮ್ಮ ಆಫೀಸಿನಲ್ಲೂ ವರ್ಷಕ್ಕೊಮ್ಮೆ ಸೇಫ್ಟಿ ಟ್ರೇನಿಂಗ್ ಇರುತ್ತೆ ಅಲ್ವಾ? ಲ್ಯಾಪ್‌ಟಾಪಿನಲ್ಲಿ ನೆಕ್ಸ್ಟ್, ನೆಕ್ಸ್ಟ್, ಫಿನಿಶ್. ಕೊನೆಗೊಂದು ಸರ್ಟಿಫಿಕೇಟ್. ನಾನು ಆ ಸರ್ಟಿಫಿಕೇಟ್ ಹಂಚುವ ಕಡೆ ಇದ್ದವನು. ಪಶ್ಚಿಮ ಕರಾವಳಿಯಲ್ಲಿ, ನೌಕಾಪಡೆಯ ಹಡಗುಗಳು ರಿಪೇರಿಗೆ ಬರುವ ಒಂದು ಜಾಗದಲ್ಲಿ, ಮೂರು ವರ್ಷ ಯೂನಿಫಾರ್ಮ್ ಇಲ್ಲದ ಸೇಫ್ಟಿ ಟ್ರೇನರ್. ಯಾರಿಗೆ ಯಾವ ತರಬೇತಿ ಆಗಿದೆ, ಯಾರದ್ದು ಬಾಕಿ ಅನ್ನೋ ರಿಜಿಸ್ಟರ್ ನನ್ನ ಕೈಲಿತ್ತು.

ಹೆಚ್ಚು ಹೇಳಿಕೊಡುತ್ತಿದ್ದುದು ಹಡಗಿನ ಹೊಟ್ಟೆಯೊಳಗಿನ ಟ್ಯಾಂಕುಗಳ ಬಗ್ಗೆ. ತಿಂಗಳುಗಟ್ಟಲೆ ಮುಚ್ಚಿಟ್ಟ ಉಕ್ಕಿನ ಟ್ಯಾಂಕಿಗೆ ತುಕ್ಕು ಹಿಡಿಯುವಾಗ ಅದು ಒಳಗಿನ ಆಮ್ಲಜನಕವನ್ನೇ ತಿನ್ನುತ್ತದೆ. ವಾಸನೆ ಇಲ್ಲ, ಕೆಮ್ಮೂ ಬರಲ್ಲ. ಹೊರಗಿನ ಗಾಳಿಯಲ್ಲಿ ಶೇ. 20.9 ಇರುವ ಆಮ್ಲಜನಕ ಒಳಗೆ 19.5ಕ್ಕಿಂತ ಕೆಳಗಿದ್ದರೆ ಇಳಿಯಬಾರದು. ತೀರಾ ಕಡಿಮೆಯಿದ್ದರೆ ಒಂದೆರಡು ಉಸಿರಿಗೇ ಮನುಷ್ಯ ಕುಸಿಯುತ್ತಾನೆ; ಅವನನ್ನು ಎತ್ತಲು ಹೋದವನೂ ಅಲ್ಲೇ ಉಳಿಯುತ್ತಾನೆ. 1948ರ ಕಾರ್ಖಾನೆ ಕಾಯ್ದೆಯ 36ನೇ ಸೆಕ್ಷನ್ ಇಂಥ ಜಾಗಗಳಿಗೆಂದೇ ಇತ್ತು. ಪ್ರತಿ ಕ್ಲಾಸಿನ ಕೊನೆಗೆ ನಾನು ಹೇಳ್ತಿದ್ದುದು ಒಂದೇ: “ಮೀಟರ್ ನೋಡದೆ ಇಳೀಬೇಡಿ. ಯಾರೇ ಹೇಳಲಿ, ಇಲ್ಲ ಸರ್ ಅನ್ನಿ.”

ಇದನ್ನು ಹೇಳ್ತಿದ್ದದ್ದು ಎಂಥ ಜಾಗದಲ್ಲಿ ನೋಡಿ. ಮಿಲಿಟರಿಯಲ್ಲಿ ಹೇಳಿದ್ದು ಕೇಳುವುದೇ ಗುಣ. ಅದಕ್ಕೆ ಕಾರಣವೂ ಇದೆ. ಹಡಗಿಗೆ ಬೆಂಕಿ ಬಿದ್ದಾಗ ಚರ್ಚೆಗೆ ಕೂರೋಕಾಗಲ್ಲ. ಆದರೆ ಅದೇ ಗುಣ, ಯಾವ ಯುದ್ಧವೂ ಇಲ್ಲದ ಮಂಗಳವಾರದ ಬೆಳಿಗ್ಗೆ ತುಕ್ಕು ಕೆರೆಯುವ ಕೆಲಸಕ್ಕೂ ಹಬ್ಬಿಬಿಡುತ್ತೆ.

ಅಂಥದ್ದೊಂದು ಬೆಳಿಗ್ಗೆ. ಹಡಗು ಹೊರಡುವ ದಿನ ಹತ್ತಿರವಿತ್ತು. ಗದಗ ಕಡೆಯ ಗುತ್ತಿಗೆ ಹುಡುಗನೊಬ್ಬ ಟ್ಯಾಂಕಿನ ಬಾಯಿ ಹತ್ತಿರ ನಿಂತುಬಿಟ್ಟ. “ನಿನ್ನೆ ಚೆಕ್ ಆಗಿದೆ, ಇಳಿಯೋ” ಅಂದರು ಸೂಪರ್‌ವೈಸರ್. “ಇವತ್ತಿಂದು ನೋಡ್ರಿ ಸರ್, ಆಮ್ಯಾಲ ಇಳೀತೀನಿ” ಅಂದ. ಎಲ್ಲರೂ ನನ್ನ ಕಡೆ ನೋಡಿದರು. ಮೀಟರ್ ತರಿಸಿದೆ. 17.8. ಬ್ಲೋವರ್ ಹಾಕಿ ಗಾಳಿ ತುಂಬಿಸೋಕೆ ಎರಡು ಗಂಟೆ ಹೋಯಿತು. ನನಗೋ ಒಳಗೊಳಗೇ ಹೆಮ್ಮೆ. ತಿಂಗಳ ರಿಪೋರ್ಟಿನಲ್ಲಿ ‘ತರಬೇತಿ ಪರಿಣಾಮಕಾರಿ’ ಅಂತ ಬರೆದೆ.

ಮರುವಾರ ಆ ಹುಡುಗ ಕಾಣಲಿಲ್ಲ. ಕಾಂಟ್ರಾಕ್ಟರ್‌ನ ಕೇಳಿದೆ. “ವಾದ ಜಾಸ್ತಿ ಅವಂದು ಸಾರ್, ಬೇರೆಯವ್ನನ್ನ ಹಾಕ್ದೆ” ಅಂದ. ನಾನು “ಹೌದಾ” ಅಂದೆ. ಅಷ್ಟೇ.

2014ರ ಫೆಬ್ರವರಿ 26ರಂದು ಐಎನ್‌ಎಸ್ ಸಿಂಧುರತ್ನ ಜಲಾಂತರ್ಗಾಮಿಯಲ್ಲಿ ಹೊಗೆ ತುಂಬಿ ಇಬ್ಬರು ಅಧಿಕಾರಿಗಳು ಸತ್ತಾಗ, ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಡಿ.ಕೆ. ಜೋಶಿ ನೈತಿಕ ಹೊಣೆ ಹೊತ್ತು ಅದೇ ದಿನ ರಾಜೀನಾಮೆ ಕೊಟ್ಟರು. ಅದನ್ನು ನಾನು ಕ್ಲಾಸಿನಲ್ಲಿ ಗೌರವದಿಂದಲೇ ಹೇಳ್ತಿದ್ದೆ. ಆ ವಾರ ಮಾತ್ರ ಹೇಳೋಕೆ ಬಾಯಿ ಬರಲಿಲ್ಲ. ಮೇಲೆ ಕೂತವರು ಹೊಣೆ ಹೊತ್ತು ಹೊರಟಿದ್ದರು. ಇಲ್ಲಿ ಕೆಳಗಿನವನು ತಪ್ಪೇ ಮಾಡದೆ ಕೆಲಸ ಕಳಕೊಂಡಿದ್ದ. ನಡುವಿನ ನಾನು ಸ್ಲೈಡ್ ಮಾಡ್ತಾ ಕೂತಿದ್ದೆ.

‘ಜೀವ ಉಳೀತಲ್ಲ, ಕೆಲಸ ಇನ್ನೊಂದು ಸಿಗುತ್ತೆ’ ಅನ್ನಬಹುದು. ನಿಜ. ಆದರೆ ಆ ಸಮಾಧಾನ ಹೇಳಿಕೊಳ್ಳುವ ಹಕ್ಕು ಅವನದು, ನನ್ನದಲ್ಲ. ಧೈರ್ಯ ಕಲಿಸಿದ್ದು ತಪ್ಪು ಅಂತಲೂ ಅಲ್ಲ. ಆ ಧೈರ್ಯದ ಬೆಲೆಯನ್ನು ಅತಿ ಕಡಿಮೆ ಕೂಲಿಯವನ ಕೈಲಿ ಕೊಡಿಸಿದೆನಲ್ಲ, ತಪ್ಪು ಅಲ್ಲಿದೆ. ಕೆಲಸ ನಿಲ್ಲಿಸಿದವನನ್ನು ತೆಗೆದುಹಾಕುವಂತಿಲ್ಲ ಅನ್ನೋ ಒಂದು ಸಾಲನ್ನು ಗುತ್ತಿಗೆಯ ಕರಾರಿನಲ್ಲಿ ಸೇರಿಸಿ ಅಂತ ನಾನು ಕೇಳಬಹುದಿತ್ತು. ಒಪ್ಪುತ್ತಿದ್ದರೋ ಬಿಡುತ್ತಿದ್ದರೋ, ನಾನು ಕೇಳಲೇ ಇಲ್ಲ.

ಅವನ ಜಾಗಕ್ಕೆ ಬಂದವನಿಗೆ ಕ್ಲಾಸ್ ತಗೊಂಡಾಗ ಕೊನೆಯ ಮಾತು ಬದಲಾಯಿಸಿದೆ. “ಮೀಟರ್ ಇಲ್ಲ ಅಂದ್ರೆ ನಂಗೆ ಫೋನ್ ಮಾಡು. ಇಲ್ಲ ಅನ್ನೋದು ನನ್ನ ಕೆಲಸ.” ಆಮೇಲೆ ಫೋನುಗಳು ಬಂದವು. ಸೂಪರ್‌ವೈಸರ್ ನನ್ನ ಜೊತೆ ಟೀ ಕುಡಿಯೋದು ಬಿಟ್ಟರು.

ಈಗ ನಾನೂ ನಿಮ್ಮ ಹಾಗೆ ಎಸಿ ಆಫೀಸಿನವನು. ಮೀಟಿಂಗಿನಲ್ಲಿ ಹೊಸಬರಿಗೆ ಯಾರಾದರೂ “ಧೈರ್ಯವಾಗಿ ಮಾತಾಡಿ” ಅಂದಾಗಲೆಲ್ಲ, ಮಾತಾಡಿದವರು ಮರುವಾರವೂ ಕಾಣ್ತಾರಾ ಅಂತ ನೋಡ್ತೀನಿ.