ಕೊಂಡಿ ಬಿಟ್ಟ ಎಳೆ

ಕೆಲಸ, ಮನೆ, ನಮ್ಮ ಸ್ವಂತ ಬೆಳವಣಿಗೆ, ಈ ಮೂರನ್ನೂ ಹೇಗೆ ಸರಿದೂಗಿಸೋದು ಬ್ರದರ್ ಅಂತ ನಿಮ್ಮಲ್ಲಿ ಎಷ್ಟೋ ಜನ ಕೇಳಿದ್ದೀರಿ. ಉತ್ತರ ಹೇಳೋ ಮುಂಚೆ ನನ್ನ ತಪ್ಪೊಂದನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕು.

ನಾನು ಇಳಕಲ್ಲಿನವನು. ನಮ್ಮವ್ವ ಸೀರೆಗೆ ಕೊಂಡಿ ಹಾಕುತ್ತಿದ್ದಳು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಿರಬಹುದು, ಸೆರಗು ರೇಷ್ಮೆ. ಎರಡರ ಎಳೆಗಳನ್ನೂ ಒಂದೊಂದಾಗಿ ಕುಣಿಕೆ ಹಾಕಿ ಕೂಡಿಸಬೇಕು. ಅದೇ ಕೊಂಡಿ. ಕೈ ಚುರುಕಾಗಿದ್ದರೆ ಸಾಲದು, ಕಣ್ಣು ಬೇಕು.

ನಾನು ಬೆಂಗಳೂರಲ್ಲಿ ಕೆಲಸಕ್ಕಿದ್ದಾಗ ಅವ್ವ ಫೋನ್ ಮಾಡಿದಳು. "ತಮ್ಮಾ, ಎಳಿ ಕಾಣವಲ್ವು. ಬಾಗಲಕೋಟಿಗೆ ದವಾಖಾನಿಗೆ ಕರ್ಕೊಂಡು ಹೋಗ್ತಿಯೇನು?" ಬರ್ತೀನಿ ಅಂದೆ. ಆ ತಿಂಗಳು ಆಫೀಸಲ್ಲಿ ರಿಲೀಸ್ ಇತ್ತು. ಮುಂದಿನ ತಿಂಗಳು ಯೌವನಸ್ಥರ ಕೂಟ. ಆಮೇಲೆ ಉಪವಾಸ ಪ್ರಾರ್ಥನೆ. ಆರು ತಿಂಗಳಾದ ಮೇಲೆ ಊರಿಗೆ ಹೋದೆ. ಪಕ್ಕದ ಮನೆಯವರು ಕರ್ಕೊಂಡು ಹೋಗಿ ಪೊರೆ ತೆಗೆಸಿದ್ದರು. ಅಷ್ಟರಲ್ಲಿ ಅವಳ ಕೆಲಸ ಬೇರೆಯವರ ಕೈಗೆ ಹೋಗಿತ್ತು. ಅವ್ವ ಬೈಯಲಿಲ್ಲ. "ನೀ ಪ್ರಾರ್ಥನಿ ಮಾಡಿದ್ದಿ ಅಲ್ಲ, ಸಾಕು ಬಿಡು" ಅಂದಳು. ಅವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಮಾರ್ಕನ ಸುವಾರ್ತೆ 7ನೇ ಅಧ್ಯಾಯ ಓದಿ. ತಂದೆತಾಯಿಗೆ ಕೊಡಬೇಕಾದ್ದನ್ನು ಕೊರ್ಬಾನ್, ದೇವರಿಗೆ ಮೀಸಲು ಅಂತ ಹೇಳಿ ಕೈ ತೊಳೆದುಕೊಳ್ಳುವವರನ್ನು ಯೇಸುಸ್ವಾಮಿ ಅಲ್ಲಿ ಗದರಿಸುತ್ತಾರೆ. ಅದನ್ನು ಫರಿಸಾಯರ ಮಾತು ಅಂತಲೇ ನಾನು ಎಷ್ಟು ಸಲ ಬೋಧಿಸಿದ್ದೆ! ನನ್ನ ಕೊರ್ಬಾನ್ ನನಗೆ ಕಂಡಿರಲಿಲ್ಲ.

ಯೋಚಿಸಿ ನೋಡಿ. ಸಮಯ ಸಾಲದೇ ಹೋದಾಗ ನಾವು ಯಾರಿಗೆ ಇಲ್ಲ ಅಂತೀವಿ? ಮ್ಯಾನೇಜರಿಗಲ್ಲ, ಅವರು ಕೇಳ್ತಾರೆ. ಅವ್ವನಿಗೆ, ಹೆಂಡತಿಗೆ, ಮಗುವಿಗೆ. ಅವರು ಕ್ಷಮಿಸ್ತಾರೆ ಅಂತ ನಮಗೆ ಗೊತ್ತು. ಆ ಕ್ಷಮೆಯನ್ನೇ ನಾವು ಬಿಟ್ಟಿ ದುಡಿಸಿಕೊಳ್ತೀವಿ. ಇದು ಸಮಯದ ಪ್ರಶ್ನೆಯಷ್ಟೇ ಅಲ್ಲ ಪ್ರಿಯರೇ, ನ್ಯಾಯದ ಪ್ರಶ್ನೆ.

ಹಾಗಂತ ದುಡಿಮೆ ಕೀಳಲ್ಲ. ಪೌಲನು ಕೊರಿಂಥದಲ್ಲಿ ಗುಡಾರ ಮಾಡಿ ದುಡಿದನು, ಅದರ ಜೊತೆಗೇ ಸುವಾರ್ತೆ ಸಾರಿದನು. ಓದು, ಹೊಸ ಕೋರ್ಸ್, ಪ್ರಾರ್ಥನೆ ಇವೂ ಬೇಕು. ಆದರೆ ಎಲ್ಲಾ ವಾರವೂ ಎಲ್ಲವೂ ಸಮವಾಗಿ ನಡೆಯಲ್ಲ. ಒಂದು ವಾರ ಆಫೀಸು ಜಾಸ್ತಿ ಎಳೆಯುತ್ತೆ, ಇನ್ನೊಂದು ವಾರ ಮನೆ. ಇಲ್ಲ ಅನ್ನೋ ಮಾತು ಪ್ರತಿ ಸಲ ಒಬ್ಬರ ಪಾಲಿಗೇ ಬೀಳದಂತೆ ನೋಡಿಕೊಳ್ಳೋದು ಮಾತ್ರ ನಮ್ಮ ಕೈಯಲ್ಲಿದೆ. ಸಭೆಯ ಹಿರಿಯರಿಗೂ ಒಮ್ಮೊಮ್ಮೆ "ಈ ಶನಿವಾರ ಆಗಲ್ಲ, ಊರಿಗೆ ಹೋಗ್ತೀನಿ" ಅನ್ನಿ. ನಾನೇ ಹೇಳ್ತಿದ್ದೀನಿ, ಹೋಗಿ ಬನ್ನಿ.

ಈಗ ಕಣ್ಣು ಮುಚ್ಚೋಣ. ನೀವು "ಬರ್ತೀನಿ" ಅಂದು ಹೋಗದೇ ಇರೋ ಒಬ್ಬರ ಮುಖ ನೆನಪಿಗೆ ತಂದುಕೊಳ್ಳಿ. ಪ್ರಾರ್ಥನೆ ಮುಗಿದ ಕೂಡಲೇ ಅವರಿಗೆ ಫೋನ್ ಮಾಡಿ, ದಿನ ಗೊತ್ತುಮಾಡಿ. ಕರ್ತನು ನಿಮ್ಮನ್ನು ಆಶೀರ್ವದಿಸಲಿ. ಆಮೆನ್.